ನಕ್ಷತ್ರದ ಕೂಸಿಗೆ ನಾನಿಟ್ಟ ಬೊಟ್ಟು

ನಾನು ಮುಂಗೋಪಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಾಕಿ ಒಂದು ಮಾತು ಹೆಚ್ಚು ಆಡಿದರೆ "ಬ್ಯಾರೆ ಸ್ಟುಡಿಯೋಕ್ಕ ಹೋಗ್ರಿ" ಎಂದು ಕ್ಯಾಮರಾದ ಮೇಲೆ ಕರಿಯ ಬಟ್ಟೆ ಎಳೆದುಬಿಡುತ್ತಿದ್ದವನು. ಮುದ್ದೇಬಿಹಾಳದಲ್ಲಿ ಆಗ ಬೇರೆ ಸ್ಟುಡಿಯೋ ಎಂದರೆ ಒಂದೇ ಒಂದು. ಅಲ್ಲಿ ತೆಗೆಸಿಕೊಂಡವರೆಲ್ಲ ಫೋಟೋದಲ್ಲಿ ಜ್ವರ ಬಂದವರಂತೆ ಕಾಣುತ್ತಿದ್ದರು, ಹಾಗಾಗಿ ಬೈಸಿಕೊಂಡವರೂ ಮರುದಿನ ನನ್ನಲ್ಲಿಗೇ ಬರುತ್ತಿದ್ದರು. ಇಂಥ ನಾನು ಒಬ್ಬರ ಮುಂದೆ ಮಾತ್ರ ತಲೆ ಎತ್ತಲಾರದೆ ಹೋದೆ. ಅವರು ನನಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಿದ್ದರೆ ನಾನೂ ನಾಲ್ಕು ಮಾತು ಆಡಿ ಮರೆತುಬಿಡುತ್ತಿದ್ದೆ.

ನನ್ನ ಸೊಕ್ಕಿಗೆಲ್ಲ ಮೂಲ ನನ್ನ ಟಚಿಂಗ್ ಕೆಲಸ. ನೆಗೆಟಿವ್ ಮೇಲೆ ಗಟ್ಟಿ ಸೀಸದ ಪೆನ್ಸಿಲ್ಲು ಹಿಡಿದು, ಭೂತಗನ್ನಡಿಯ ಕೆಳಗೆ, ಮುಖದ ಕಲೆಗಳನ್ನು ತುಂಬುವುದು. ನೆಗೆಟಿವ್ ಮೇಲೆ ಪೆನ್ಸಿಲ್ಲಿನ ಕಪ್ಪು ಬಿದ್ದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಬ್ಲೇಡಿನಿಂದ ಕೆರೆದ ಕಡೆ ಕಪ್ಪಾಗುತ್ತದೆ. ಇಷ್ಟೇ ವಿದ್ಯೆ, ಆದರೆ ಕೈ ನಡುಗಬಾರದು. ಸಿಡುಬಿನ ಕಲೆ ತುಂಬಿದ ಮುಖವನ್ನು ನಾನು ಬೆಣ್ಣೆಯಂತೆ ಮಾಡಿ ಕೊಡುತ್ತಿದ್ದೆ. ಇಂಡಿ ಕಡೆಯ ಒಂದು ಗಂಡಿನ ಮನೆಯವರು ಹಾಗೆ ಫೋಟೋ ನೋಡಿ ಹೂಂ ಅಂದು, ಆಮೇಲೆ ಹೆಣ್ಣನ್ನು ನೋಡಿ, ನೇರ ನನ್ನ ಸ್ಟುಡಿಯೋದ ಬಾಗಿಲಿಗೆ ಜಗಳಕ್ಕೆ ಬಂದಿದ್ದರು. ಅದನ್ನೂ ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ, ಎಂಥ ಭಂಡ ನೋಡಿ!

ಕೂಸುಗಳ ಫೋಟೋಕ್ಕೆ ಇನ್ನೊಂದು ಪದ್ಧತಿ ಇತ್ತು. ಸಂತೆಯ ದಿನ ಗೊಳಸಂಗಿಯಿಂದಲೋ ಇನ್ನಾವ ಹಳ್ಳಿಯಿಂದಲೋ ತಾಯಿ, ಅಜ್ಜಿ, ಕೂಸು ಮೂವರೂ ಬರುತ್ತಿದ್ದರು. ಮನೆಯಿಂದ ಹೊರಡುವಾಗ ಕೂಸಿನ ಗಲ್ಲಕ್ಕೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟೇ ಇರುತ್ತಿದ್ದರು. ಆದರೆ ನನ್ನ ದೀಪಗಳ ಕಾವಿಗೆ ಕೂಸು ಬೆವೆತು, ಅತ್ತು, ಸೆರಗಿನಿಂದ ಒರೆಸಿಸಿಕೊಂಡು, ಬೊಟ್ಟು ಹೋಗಿಬಿಡುತ್ತಿತ್ತು. ಬೊಟ್ಟಿಲ್ಲದ ಫೋಟೋ ಕೈಗೆ ಕೊಟ್ಟರೆ ಅಜ್ಜಿಯರು ಮುಟ್ಟುತ್ತಿರಲಿಲ್ಲ. "ಫೋಟೋ ಇರೋದು ಮಂದಿ ನೋಡ್ಲಿ ಅಂತಲ್ಲೇನೋ ಯಪ್ಪಾ? ಮಂದಿ ಕಣ್ಣು ಫೋಟೋದಾಗಿನ ಕೂಸಿಗೆ ತಾಗೂದಿಲ್ಲೇನು?" ಎಂದು ಒಬ್ಬಾಕೆ ನನಗೇ ಪಾಠ ಹೇಳಿದ್ದಳು. ಅಂದಿನಿಂದ ನಾನೇ ನೆಗೆಟಿವ್ ಮೇಲೆ ಗಲ್ಲದ ಜಾಗ ಹುಡುಕಿ ಬ್ಲೇಡಿನ ತುದಿಯಿಂದ ಒಂದು ಚುಕ್ಕೆ ಕೆರೆಯುತ್ತಿದ್ದೆ. ಆಮೇಲಾಮೇಲೆ ಯಾರೂ ಕೇಳದಿದ್ದರೂ ಕೈ ತಾನಾಗಿ ಹೋಗುತ್ತಿತ್ತು. ನನ್ನ ಸ್ಟುಡಿಯೋದಿಂದ ಬೊಟ್ಟಿಲ್ಲದ ಕೂಸು ಹೊರಗೆ ಹೋಗಿದ್ದಿಲ್ಲ.

ಎಪ್ಪತ್ತೈದರ ಚಳಿಗಾಲದ ಕೊನೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಸ್ಟುಡಿಯೋಕ್ಕೆ ಬಂದರು. ವಯಸ್ಸು ಐವತ್ತರ ಹತ್ತಿರ, ಎತ್ತರದ ಆಳು, ತಲೆಗೆ ಬಿಳಿ ಟೋಪಿ. ಸಿಂದಗಿ ತಾಲೂಕಿನ ಮೋರಟಗಿಯ ಕಡೆಯವರು, ಕುರಿ ಕಾಯುವ ಮನೆತನ. ಚಿಕ್ಕವರಿದ್ದಾಗ ಕುರಿಹಟ್ಟಿಯಲ್ಲಿ ಮಲಗಿ, ಕೂರಿಗಿ ಚುಕ್ಕಿ ಎಲ್ಲಿಗೆ ಬಂತು ಎಂದು ನೋಡಿ ಹೊತ್ತು ಹೇಳುವುದನ್ನು ಅಪ್ಪನಿಂದ ಕಲಿತವರು. ಬಿತ್ತುವ ಕೂರಿಗೆಯ ತಾಳಿನ ಹಾಗೆ ಮೂರು ಚುಕ್ಕಿ ಸಾಲಾಗಿ ನಿಲ್ಲುತ್ತವಲ್ಲ, ಅದನ್ನು ನಮ್ಮ ರೈತರು ಹಾಗೆ ಕರೆಯುತ್ತಾರೆ. ಮಾಸ್ತರರು ಎಣ್ಣೆಯ ಬ್ಯಾರಲ್ಲಿನ ಮೇಲೆ ಗಾಜು ಇಟ್ಟು, ಅದರ ಸುತ್ತ ಸುತ್ತುತ್ತಾ, ಗಾಜಿನ ಮೇಲೆ ಗಾಜು ತಿಕ್ಕಿ, ಮೂರು ವರ್ಷ ತಗೊಂಡು ದೂರದರ್ಶಕದ ಕನ್ನಡಿಯನ್ನು ತಾವೇ ಮಾಡಿಕೊಂಡಿದ್ದರು. ಊರಲ್ಲಿ ಕೆಲವರು ಅವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ.

"ಕೂರಿಗಿ ಚುಕ್ಕಿ ಕೆಳಗ ಒಂದು ಮೋಡ ಐತ್ರಿ," ಎಂದರು. "ಹೊಗಿ ಕಂಡಂಗ ಕಾಣತೈತಿ. ಅದರಾಗ ಈಗೀಗ ಹುಟ್ಟಿದ ಚುಕ್ಕಿಗೋಳ ಗುಂಪು ಐತಿ. ಅದರ ಫೋಟೋ ತಗೀಬೇಕು. ನಿಮ್ಮಪ್ಪಾರ ಕಾಲದ ಕಟ್ಟಿಗಿ ಕ್ಯಾಮರಾ ಐತೆಲ್ಲ, ಅದರ ಪ್ಲೇಟ್ ಹಿಡಿಯೋ ಚೌಕಟ್ಟು ಅಷ್ಟ ಕೊಡ್ರಿ."

"ಬರೇ ಚೌಕಟ್ಟು ತಗೊಂಡು ಏನ್ ಮಾಡ್ತೀರಿ? ಲೆನ್ಸು?"

"ನನ್ನ ಕನ್ನಡೀನ ಲೆನ್ಸು."

ನನಗೆ ನಗು ಬಂತು. ಆದರೆ ಆಸೆಯೂ ಆಯಿತು. ಮನುಷ್ಯರ ಮುಖ ತೆಗೆದು ತೆಗೆದು ಸಾಕಾಗಿತ್ತು. ಅಪ್ಪ ಬಿಟ್ಟುಹೋದ ಗಾಜಿನ ಪ್ಲೇಟುಗಳ ಒಂದು ಪೆಟ್ಟಿಗೆ ಅಟ್ಟದ ಮೇಲಿತ್ತು, ಅದರಲ್ಲಿ ಎಂಟು ಉಳಿದಿದ್ದವು. ಚೌಕಟ್ಟು, ಪ್ಲೇಟು ಮತ್ತು ನಾನು ಮೂವರೂ ಬರುತ್ತೇವೆ ಎಂದೆ.

ಊರ ಹೊರಗೆ, ಮಾಸ್ತರರ ಮನೆ ಮಾಲಕರ ಹೊಲದಲ್ಲಿ, ಬಿಳಿಜೋಳ ಬಡಿಯುವ ಕಣ ಇತ್ತು. ಕಣದ ನಡುವೆ ನೆಟ್ಟ ಮೇಟಿ ಕಂಬವೇ ಅವರ ದೂರದರ್ಶಕಕ್ಕೆ ಆಧಾರ. ಎತ್ತುಗಳು ತುಳಿದು ಸುತ್ತಿದರೂ ಅಲುಗದ ಕಂಬ ಅದು. ತಗಡಿನ ಉದ್ದ ಕೊಳವೆ, ಸೈಕಲ್ ಚಕ್ರದ ಹಬ್ಬು, ಒಂದು ತಿರುಪು. ಭೂಮಿ ತಿರುಗುವುದರಿಂದ ಚುಕ್ಕಿ ಸರಿಯುತ್ತದೆ, ಸರಿದಷ್ಟು ತಿರುಪನ್ನು ತಿರುಗಿಸುತ್ತಾ ಹೋಗಬೇಕು. ಪಕ್ಕದಲ್ಲಿ ಕಟ್ಟಿದ ಸಣ್ಣ ದುರ್ಬೀನಿನೊಳಗೆ ಅಡ್ಡ-ಉದ್ದ ಎರಡು ಕೂದಲು ಅಂಟಿಸಿದ್ದರು. ಚುಕ್ಕಿ ಆ ಕೂದಲುಗಳು ಕೂಡುವ ಕಡೆಯೇ ಇರಬೇಕು. ಕೂದಲು ಅವರ ಹೆಂಡತಿಯದು. "ನನ್ನ ಜುಟ್ಟು ಹಿಡಕೊಂಡು ಚುಕ್ಕಿ ಎಳ್ಯಾಕತ್ತಾರು ನೋಡ್ರಿ," ಎಂದು ಆ ತಾಯಿ ಬುತ್ತಿ ಬಿಚ್ಚುತ್ತಾ ನಗುತ್ತಿದ್ದರು. ನಾನು ಚಪ್ಪಲಿ ಹಾಕಿಕೊಂಡೇ ಕಣಕ್ಕೆ ಕಾಲಿಟ್ಟು ಆ ತಾಯಿಯಿಂದ ಬೈಸಿಕೊಂಡೆ.

ಫೆಬ್ರವರಿ ಆದ್ದರಿಂದ ಕತ್ತಲಾಗುವ ಹೊತ್ತಿಗೇ ಕೂರಿಗಿ ಚುಕ್ಕಿ ನೆತ್ತಿಯ ಹತ್ತಿರ ಇರುತ್ತಿತ್ತು. ಮಾಸ್ತರರು ಮೊದಲು ನನಗೆ ನೋಡಲು ಹೇಳಿದರು. ನೋಡಿದೆ. ಹೊಗೆಯಂಥದ್ದು ಎರಡು ರೆಕ್ಕೆ ಬಿಚ್ಚಿ ನಿಂತಿತ್ತು. ನಡುವೆ ಒತ್ತೊತ್ತಾಗಿ ನಾಲ್ಕು ಚುಕ್ಕಿ. ಸ್ವಲ್ಪ ಪಕ್ಕಕ್ಕೆ, ಮೋಡದ ಅಂಚಿನಲ್ಲಿ, ಮೂರು ಚುಕ್ಕಿ ಸಾಲಾಗಿ. ನನ್ನ ಬಾಯಿಂದ ತಾನಾಗಿ "ಶಿವನೇ" ಎಂದು ಬಂತು. "ಆ ಮೋಡಾನ ಅವುಗಳ ತೊಟ್ಟಲ," ಎಂದರು ಮಾಸ್ತರರು. "ನಮ್ಮ ಸೂರ್ಯಾನ ಮುಂದ ಅವು ಇನ್ನೂ ಹಾಲು ಕುಡಿಯೋ ಕೂಸುಗಳ ಲೆಕ್ಕ."

ನಾಲ್ಕು ಸಂಜೆ ಹೋದೆವು. ಒಂದೊಂದು ಪ್ಲೇಟಿಗೂ ಇಪ್ಪತ್ತು ನಿಮಿಷ, ಅರ್ಧ ತಾಸು. ನಾನು ಚೌಕಟ್ಟಿನ ಮುಚ್ಚಳ ಎಳೆಯುವವನು, ಗಡಿಯಾರ ನೋಡಿ ಮುಚ್ಚುವವನು, ಅಷ್ಟೇ. ಮಾಸ್ತರರು ಕತ್ತು ಸೊಟ್ಟ ಮಾಡಿಕೊಂಡು, ಕಣ್ಣು ಪಿಳುಕಿಸದೆ, ಬೆರಳ ತುದಿಯಿಂದ ತಿರುಪು ತಿರುಗಿಸುತ್ತಾ ಕೂರುತ್ತಿದ್ದರು. ಗಾಳಿ ಬಂದು ಒಂದು ಕೆಟ್ಟಿತು, ಮಾಲಕರ ನಾಯಿ ಕಂಬಕ್ಕೆ ಮೈ ತಿಕ್ಕಿ ಒಂದು ಕೆಟ್ಟಿತು, ಉಳಿದವುಗಳಲ್ಲಿ ಚುಕ್ಕಿಗಳು ಗೆರೆ ಎಳೆದಂತೆ ಬಂದವು. ಎಂಟರಲ್ಲಿ ಒಂದೇ ಒಂದು ಪ್ಲೇಟು ನೆಟ್ಟಗೆ ಬಂತು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ತಟ್ಟೆ ಅಲುಗಾಡಿಸುತ್ತಿದ್ದಾಗ ಹುಣಸೆಬೀಜದಷ್ಟು ಮೋಡ ಮೆಲ್ಲಗೆ ಮೂಡಿತು. ಮಾಸ್ತರರು ನನ್ನ ಭುಜ ಹಿಡಿದು ಅತ್ತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಅತ್ತದ್ದು ಕಂಡು ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಮರುದಿನ ಸಂತೆ. ಮೂರು ಕೂಸುಗಳ ನೆಗೆಟಿವ್ ಟಚಿಂಗ್ ಮುಗಿಸಿ, ಒಣಗಿದ ಆ ಪ್ಲೇಟನ್ನು ಭೂತಗನ್ನಡಿಯ ಕೆಳಗಿಟ್ಟೆ. ಧೂಳಿನ ಗುರುತು ಇದ್ದರೆ ತೆಗೆಯೋಣ ಎಂದು. ಮೋಡದ ಅಂಚಿನ ಆ ಮೂರು ಚುಕ್ಕಿಗಳ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಕಂಡಿತು. ಮಾಸ್ತರರು ಹೇಳಿದ್ದು ನೆನಪಾಯಿತು, ಹಾಲು ಕುಡಿಯೋ ಕೂಸುಗಳು ಅಂತ. ಕೈಯಲ್ಲಿ ಪೆನ್ಸಿಲ್ಲು ಇತ್ತು. ಬೆಳ್ಳಗಿನ ಗಲ್ಲದ ಕೂಸಿಗೆ ಕರೀ ಬೊಟ್ಟು, ಕರೀ ಆಕಾಶದ ಕೂಸಿಗೆ ಬಿಳೀ ಬೊಟ್ಟು, ಅಷ್ಟೇ ಅಲ್ಲವೇ ಎಂದುಕೊಂಡು ಅಲ್ಲೊಂದು ಚುಕ್ಕೆ ಇಟ್ಟೆ. ದುಂಡಗೆ, ಪಕ್ಕದ ಮೂರರ ಹಾಗೇ ಕೂತಿತು.

ದೃಷ್ಟಿ ತಾಗದಿರಲಿ ಎಂದು ಇಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಅಷ್ಟೇ ಅಲ್ಲ. ಆ ಫೋಟೋದಲ್ಲಿ ನನ್ನದು ಏನೂ ಇರಲಿಲ್ಲ. ಕನ್ನಡಿ ಅವರದು, ಕಣ್ಣು ಅವರದು, ಕೂದಲು ಸಹ ಅವರ ಮನೆಯದೇ. ನಾನು ಬರೀ ಮುಚ್ಚಳ ಎಳೆದವನು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ನನ್ನ ಕೈಯ ಗುರುತೊಂದು ಅಲ್ಲಿರಲಿ ಎಂಬ ಹೊಟ್ಟೆಕಿಚ್ಚಿನ ಬೊಟ್ಟು ಅದು. ಸಾವಿರ ಚುಕ್ಕಿಯಲ್ಲಿ ಒಂದು ಹೆಚ್ಚಾದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ.

ಮಾಸ್ತರರಿಗೆ ತಿಳಿಯಿತು. ದೊಡ್ಡ ಪ್ರಿಂಟು ಮಾಡಿಕೊಟ್ಟ ವಾರಕ್ಕೇ ಸೈಕಲ್ಲು ತುಳಿದುಕೊಂಡು ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಫೋಟೋ, ಕಂಕುಳಲ್ಲಿ ಆಕಾಶದ ನಕ್ಷೆಯ ಒಂದು ದಪ್ಪ ಪುಸ್ತಕ. "ಇಲ್ಲಿ ನೋಡ್ರಿ, ಪುಸ್ತಕದಾಗ ಮೂರು. ನಮ್ಮ ಫೋಟೋದಾಗ ನಾಕು. ಹೊಸಾ ಚುಕ್ಕಿ ಐತ್ರಿ ಇದು! ಕೂಸು ಹುಟ್ಟೇತಿ!"

ಆಗ ಹೇಳಬೇಕಿತ್ತು. ಒಂದೇ ಮಾತು, ನಗುತ್ತಲೇ ಹೇಳಬಹುದಿತ್ತು. ಆದರೆ ಸ್ಟುಡಿಯೋದಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು. ನೆಗೆಟಿವ್‌ನಲ್ಲಿ ಇಲ್ಲದ್ದನ್ನು ಬರೆಯುವವನು ಎಂಬ ಹೆಸರು ಅವರ ಮುಂದೆ ಬರುವುದು ನನಗೆ ಬೇಕಿರಲಿಲ್ಲ. "ಗಾಜಿನ ಮ್ಯಾಲೆ ಏನರ ಕಲಿ ಇದ್ದೀತು ಸರ್," ಎಂದೆ. ಅವರು ನಕ್ಕರು. "ನೀವು ತೊಳದ ಪ್ಲೇಟಿನ್ಯಾಗ ಕಲಿ ಇರತೈತೇನು? ಇಡೀ ಜಿಲ್ಲಾದಾಗ ನಿಮ್ಮಂಗ ಸ್ವಚ್ಛ ಕೆಲಸ ಯಾರ್ ಮಾಡ್ತಾರು?" ನನ್ನ ಸೊಕ್ಕೇ ನನ್ನ ಕೊರಳಿಗೆ ಬಿತ್ತು. ಗಿರಾಕಿಗಳ ಕಡೆ ತಿರುಗಿ ದೀಪ ಹಚ್ಚಿದೆ.

ದೊಡ್ಡ ವೀಕ್ಷಣಾಲಯಕ್ಕೆ ಆಗಲೇ ಕಾಗದ ಬರೆದುಬಿಡುತ್ತಾರೆ ಎಂದು ಹೆದರಿದ್ದೆ. ಅವರು ಬರೆಯಲಿಲ್ಲ. ಅವರದೊಂದು ನೇಮ ಇತ್ತು: ತಮ್ಮ ಕಣ್ಣಿಗೆ ಕಂಡದ್ದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಬೇಕು. "ಫೋಟೋ ಹೇಳೇತಿ, ಖರೇ. ಆದ್ರ ನನ್ನ ಕಣ್ಣಿಂದ ಒಮ್ಮೆ ನೋಡಬೇಕು, ಆಮ್ಯಾಲೆ ಬರಿಯೂದು," ಎಂದರು. ಅಷ್ಟರಲ್ಲಿ ಬೇಸಿಗೆ ಬಂತು. ಕೂರಿಗಿ ಚುಕ್ಕಿ ಸಂಜೆಗೇ ಪಡುವಣಕ್ಕೆ ಇಳಿದು ಹೋಯಿತು. ಆಮೇಲೆ ಮಳೆ ಮೋಡ. ಇನ್ನು ಮರೆತಾರು ಎಂದು ನಾನು ನಿರಾಳನಾದೆ. ನಾನು ಮರೆತದ್ದೂ ಉಂಟು.

ಅವರು ಮರೆತಿರಲಿಲ್ಲ. ಮತ್ತೆ ಚಳಿ ಹಿಡಿದಾಗ ದಿನಾ ಸಂಜೆ ಕೊಳವೆಗೆ ಕಣ್ಣು ಹಚ್ಚತೊಡಗಿದರು. ಇನ್ನೊಂದು ಫೋಟೋ ತೆಗೆಯೋಣ ಎಂದು ಎರಡು ಸಲ ಕೇಳಿದರು. "ಗಾಜಿನ ಪ್ಲೇಟು ಬರೂದ ನಿಂತೈತ್ರಿ ಈಗ, ಎಲ್ಲಿ ತರೂದು?" ಎಂದೆ. ಅದು ಸುಳ್ಳಲ್ಲ. ಆದರೆ ಅದೇ ಚೌಕಟ್ಟಿಗೆ ಹಿಂದೊಂದು ರಟ್ಟು ಕೊಟ್ಟರೆ ಹೊಸ ಫಿಲಮ್ಮು ಕೂರುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಖರೆಯ ಅರ್ಧವನ್ನು ನುಂಗಿದರೆ ಉಳಿದರ್ಧವೂ ಸುಳ್ಳೇ ಆಗುತ್ತದೆ, ಅದು ನನಗೆ ಗೊತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಅವರ ಮನೆಯಿಂದ ಕರೆ ಬಂತು. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆಯ ರೊಟ್ಟಿ, ಕಡುಬು, ಬಜ್ಜಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನೈವೇದ್ಯದ ತುತ್ತನ್ನು ಚರಗವೆಂದು ಬೆಳೆಗೆ ಚೆಲ್ಲಿ, ಬಳಗದವರೆಲ್ಲ ಕೂಡಿ ಉಣ್ಣುವುದು. ಮಾಸ್ತರರ ಹೆಂಡತಿ ನನಗೆ ಒತ್ತಾಯ ಮಾಡಿ ಮಾಡಿ ಬಡಿಸಿದರು. ಸುತ್ತ ಎದೆಮಟ್ಟ ಜೋಳ ನಿಂತಿತ್ತು. ಮಂದಿಯೆಲ್ಲ ಬಂಡಿ ಹೂಡಿಕೊಂಡು ಊರಿಗೆ ಹೊರಟ ಮೇಲೂ ಮಾಸ್ತರರು ನನ್ನನ್ನು ಬಿಡಲಿಲ್ಲ. ಅಮಾವಾಸ್ಯೆಯ ಕತ್ತಲು, ಚುಕ್ಕಿ ನೋಡಲು ಇದಕ್ಕಿಂತ ಚೊಲೋ ಸಂಜೆ ಇಲ್ಲ ಎಂದರು. ಮೂಡಣದಲ್ಲಿ ಕೂರಿಗಿ ಚುಕ್ಕಿ ಮೇಲೇರುವವರೆಗೆ ಮೂವರೂ ಕಂಬಳಿ ಹೊದ್ದು ಮೇಟಿಯ ಬುಡದಲ್ಲಿ ಕೂತೆವು.

ಅವರು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಆ ಮೂರು ಕಾಣತಾವು. ನಾಲ್ಕನೇದು ಕಾಣವಲ್ದು. ಎರಡ ಮಾತು ಅದಾವು ನೋಡ್ರಿ. ಒಂದು, ಆ ಚುಕ್ಕಿ ಮಂಕಾಗಿರಬೇಕು. ಹೊಸಾ ಹುಟ್ಟಿದವು ಹಂಗ, ಒಮ್ಮೆ ಬೆಳಗತಾವು, ಒಮ್ಮೆ ಮಂಕಾಗತಾವು. ಇಲ್ಲಾ ನನ್ನ ಕಣ್ಣು ಮಂಕಾಗ್ಯಾವು. ನಿಮ್ಮದು ಹರೇದ ಕಣ್ಣು, ಕೂದಲೆಳಿ ಕೆಲಸ ಮಾಡೋ ಕಣ್ಣು. ನೀವು ನೋಡಿ ಹೇಳ್ರಿ. ನಿಮಗೂ ಕಾಣಲಿಲ್ಲಂದ್ರ ನನ್ನ ಕಣ್ಣು ನೆಟ್ಟಗದಾವು ಅಂತ ತಿಳೀತೇನಿ."

ಬಗ್ಗಿ ಕಣ್ಣು ಹಚ್ಚಿದೆ. ಮೋಡ ಇತ್ತು. ಮೂರು ಚುಕ್ಕಿ ಇದ್ದವು. ಅವುಗಳ ಕೊನೆಗೆ ಏನೂ ಇರಲಿಲ್ಲ, ಎಲ್ಲಿಂದ ಬರಬೇಕು? "ಇಲ್ರಿ ಸರ್" ಎಂದಿದ್ದರೆ ಸಾಕಿತ್ತು. ಅದು ಖರೆಯೇ ಆಗಿತ್ತು. ತಪ್ಪನ್ನು ಒಪ್ಪಿಕೊಳ್ಳುವ ಕೆಲಸವೂ ಇರಲಿಲ್ಲ, ಅವರು ತಾವಾಗಿ ಬಾಗಿಲು ತೆಗೆದಿಟ್ಟು ಕರೆಯುತ್ತಿದ್ದರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲ ಎಂದರೆ ಪ್ಲೇಟು ತರಿಸಿ ನೋಡುತ್ತಾರೆ, ಭೂತಗನ್ನಡಿಯಲ್ಲಿ ಸೀಸದ ಹೊಳಪು ಕಾಣುತ್ತದೆ ಎಂದು ನನ್ನ ಹಾಳು ಬುದ್ಧಿ ಓಡಿತು.

"ಐತ್ರಿ ಸರ್," ಎಂದೆ. "ಸಣ್ಣದೈತಿ. ಆದ್ರ ಐತಿ."

 ಮಾಸ್ತರರ ಹೆಂಡತಿ ಕಡುಬಿನ ಬುಟ್ಟಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಮಾಸ್ತರರು ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿದರು. "ಆತು ಬಿಡ್ರಿ," ಎಂದರು. "ಈ ಕಣ್ಣು ಇಷ್ಟು ದಿನ ತೋರಿಸಿದ್ದ ಹೆಚ್ಚು. ಕಂಡವರು ನೀವು. ಕಾಗದ ನೀವ ಬರೀರಿ." ನಾನು ಆಗಲಿ ಎಂದೆ. ಊರಿಗೆ ವಾಪಸು ನಡೆಯುವಾಗ ದಾರಿಯ ಕಲ್ಲಿಗೆ ಎಡವಿದವನು ನಾನು. ಆದರೂ ಆ ತಾಯಿ ಕೈ ಹಿಡಿದದ್ದು ತಮ್ಮ ಗಂಡನದು. ಅಂದಿನಿಂದಲೇ ಅವರಿಬ್ಬರ ಲೆಕ್ಕದಲ್ಲಿ ಮಾಸ್ತರರು ಕುರುಡರಾಗುತ್ತಿದ್ದರು.

ನಾನು ವೀಕ್ಷಣಾಲಯಕ್ಕೆ ಯಾವ ಕಾಗದವನ್ನೂ ಬರೆಯಲಿಲ್ಲ. ಮಾಸ್ತರರು ಸಿಕ್ಕಾಗೆಲ್ಲ "ಉತ್ತರ ಬಂತೇನ್ರಿ?" ಎಂದು ಕೇಳುತ್ತಿದ್ದರು. ಅವರು ಬರುವುದು ಕಂಡರೆ ನಾನು ಕತ್ತಲೆ ಕೋಣೆ ಹೊಕ್ಕು ಕೆಂಪು ದೀಪ ಹಚ್ಚುತ್ತಿದ್ದೆ. ಅವರು ಹೊರಗೆ ಬೆಂಚಿನ ಮೇಲೆ ಕೂತು, ಕಾದು, ಎದ್ದು ಹೋಗುತ್ತಿದ್ದರು. ಬಿಜಾಪುರದ ಕಣ್ಣಿನ ಡಾಕ್ಟರು ಓದುವ ಚಾಳೀಸು ಬಿಟ್ಟರೆ ಬೇರೇನೂ ಬೇಡ, ಕಣ್ಣು ಗಟ್ಟಿ ಇವೆ ಎಂದಿದ್ದರಂತೆ. ಮಾಸ್ತರರು ನಂಬಲಿಲ್ಲ. ಡಾಕ್ಟರ ಹಲಗೆಯ ಅಕ್ಷರ ದೊಡ್ಡವು, ಚುಕ್ಕಿ ಸಣ್ಣವು ಎಂದರಂತೆ. ಕನ್ನಡಿಯನ್ನು ಕೊಳವೆಯಿಂದ ಬಿಚ್ಚಿ, ಅರಿವೆ ಸುತ್ತಿ, ಟ್ರಂಕಿನಲ್ಲಿ ಇಟ್ಟುಬಿಟ್ಟರು.

ಮಾರ್ಚಿನಲ್ಲಿ ಒಂದು ಮುಂಜಾವು ನನ್ನ ಅವ್ವ ನನ್ನನ್ನು ಅಲುಗಿಸಿ ಎಬ್ಬಿಸಿದಳು. "ಏಳೋ, ಮಾಳಗಿ ಮ್ಯಾಲೆ ಬಾ, ಬಾಲದ ಚುಕ್ಕಿ ಬಂದೈತಿ!" ಸಿಡಿಮಿಡಿಗೊಂಡು ಹತ್ತಿ ಹೋದೆ. ಓಣಿಯ ಎಲ್ಲ ಮಾಳಿಗೆಗಳ ಮೇಲೂ ಮಂದಿ ನಿಂತಿದ್ದರು. ಮೂಡಣದಲ್ಲಿ, ಮಾರ್ಕೆಟ್ ಯಾರ್ಡಿನ ಗೋದಾಮಿನ ಮೇಲೆ, ಧೂಮಕೇತು. ಜೀವಮಾನದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನೋಡುತ್ತಿದ್ದ ಹಾಗೆ ಮಾಸ್ತರರ ನೆನಪಾಯಿತು.  ಎರಡೇ ನಿಮಿಷ ನಿಂತು ಕೆಳಗಿಳಿದು, ಕಂಬಳಿ ಮುಸುಕು ಹಾಕಿಕೊಂಡು ಮಲಗಿದೆ. ಮರುದಿನ ಅವ್ವ ಕರೆದರೂ ಏಳಲಿಲ್ಲ.

ಮೂರನೆಯ ದಿನ ಮಾಸ್ತರರ ಹೆಂಡತಿ ಸ್ಟುಡಿಯೋಕ್ಕೆ ಬಂದರು. ಬಂದವರು ಕೂರಲಿಲ್ಲ.

"ನೀವರ ಬಂದು ಒಂದೀಟು ಹೇಳ್ರಿ ಅವರಿಗೆ," ಎಂದರು. "ಊರೆಲ್ಲಾ ಎದ್ದು ಬಾಲದ ಚುಕ್ಕಿ ನೋಡಾಕತ್ತೈತಿ. ಇವರು ಎದ್ದು ಹಾಸಗಿ ಮ್ಯಾಲೆ ಕುಂತಿರತಾರು, ಹೊರಗ ಬರವಲ್ರು. ನನ್ನ ಕಣ್ಣಿಗೆ ಏನ್ ಕಂಡೀತು, ನೀ ಹೋಗಿ ನೋಡು ಅಂತಾರು. ಅರ್ಧಮರ್ಧ ನೋಡೂದಕಿಂತ ನೋಡದಿದ್ರ ಚೊಲೋ ಅಂತ. ಸಣ್ಣಾಂವ ಇದ್ದಾಗಿಂದ ಇಂಥಾದ್ದೊಂದು ಬರ್ಲಿ ಅಂತ ಕಾದ ಮನಷ್ಯಾರಿ ಅವರು." ಅವರ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಬರ್ತೀರಿಲ್ಲೋ?" ಎಂದರು.

ಬರುತ್ತೇನೆ ಎಂದೆ. ಹೋಗಲಿಲ್ಲ. ಇದೊಂದನ್ನು ಬರೆಯುವಾಗ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತವೆ. ಬೊಟ್ಟು ಇಟ್ಟದ್ದು ಹುಚ್ಚಾಟ ಎನ್ನಬಹುದು, ಎಳ್ಳಮಾವಾಸ್ಯೆಯ ಸುಳ್ಳು ಹೆದರಿಕೆ ಎನ್ನಬಹುದು. ಆದರೆ ಅಂದು ಸಂಜೆ ನಾನು ಅವರ ಮನೆಗೆ ಹೋಗಿ ನಾಲ್ಕು ಮಾತು ಹೇಳಿದ್ದರೆ ಮರುದಿನದ ಮುಂಜಾವಿಗೆ ಅವರು ಅದನ್ನು ನೋಡಬಹುದಿತ್ತು. ಧೂಮಕೇತು ಇನ್ನೂ ಅಲ್ಲೇ ಇತ್ತು. ನಾನು ನಾಳೆ, ನಾಡಿದ್ದು ಎಂದೆ. ಲಗ್ನದ ಸೀಜನ್ನು, ಕೆಲಸ ಬಹಳ ಎಂದು ನನಗೆ ನಾನೇ ಹೇಳಿಕೊಂಡೆ. ಅದು ದಿನದಿಂದ ದಿನಕ್ಕೆ ತೆಳುವಾಗಿ, ಒಂದು ದಿನ ಓಣಿಯ ಮಾಳಿಗೆಗಳ ಮೇಲೆ ಯಾರೂ ಹತ್ತಲಿಲ್ಲ.

ಎಲ್ಲ ಮುಗಿದ ಮೇಲೆ, ಒಂದು ರವಿವಾರ ಮಧ್ಯಾಹ್ನ, ಪ್ಲೇಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಮಾಸ್ತರರು ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. "ಉತ್ತರ ಬಂತೇನ್ರಿ?" ಎಂದರು. ನಾನು ಎಲ್ಲವನ್ನೂ ಹೇಳಿದೆ. ನಿಂತೇ ಹೇಳಿದೆ, ಎಲ್ಲಿಯೂ ನಿಲ್ಲಿಸದೆ. ಕೂಸುಗಳ ಬೊಟ್ಟು, ಪೆನ್ಸಿಲ್ಲು, ಹೊಟ್ಟೆಕಿಚ್ಚು, ಎಳ್ಳಮಾವಾಸ್ಯೆ, ಬರೆಯದ ಕಾಗದ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು, ಅಂಗಿಯ ತುದಿಯಿಂದ ಮೆಲ್ಲಗೆ ಒರೆಸಿದರು. ಒಮ್ಮೆ ಒರೆಸಿದರೆ ಹೋಗುವ ಬೊಟ್ಟು ಅದು. ಹೋಯಿತು.

"ಅಂದ್ರ," ಎಂದರು, "ನನ್ನ ಕಣ್ಣು ನೆಟ್ಟಗದಾವು?"

"ಅದಾವ್ರಿ ಸರ್."

ಅವರ ಮುಖ ಅರಳಿತು. ದೇವರಾಣೆ, ಮೊದಲು ಬಂದದ್ದು ಸಂತೋಷವೇ. ಎರಡೂ ಅಂಗೈಗಳನ್ನು ಕಣ್ಣ ಮುಂದೆ ಹಿಡಿದು ಗೆರೆಗಳನ್ನು ನೋಡಿಕೊಂಡರು. ಆಮೇಲೆ ಅವರ ಕಣ್ಣು ಮೂಡಣದ ಕಿಟಕಿಯ ಕಡೆ ಹೋಯಿತು, ಅಲ್ಲಿಯೇ ನಿಂತಿತು. ಮುಖ ಇಳಿಯುತ್ತಾ ಹೋದದ್ದನ್ನು ನಾನು ನೋಡಬೇಕಾಯಿತು.

ಒಳಗಿನಿಂದ ಅವರ ಹೆಂಡತಿ ಹೊರಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. "ನಮ್ಮನಿ ಕಡುಬು ತಿಂದು ಸುಳ್ಳ ಹೇಳಿದ್ರೇನು?" ಎಂದರು. "ನಾ ನಿಮ್ಮ ಅಂಗಡಿಗೆ ಬಂದು ಅತ್ತಾಗೂ ಬಾಯಿ ಬಿಡಲಿಲ್ಲಲ್ಲ! ಹೊಟ್ಟಿಗೆ ಅನ್ನ ತಿಂತೀರೋ ಏನು ತಿಂತೀರಿ?" ಅವರು ಇನ್ನೂ ಬೈಯಲಿ, ಚಪ್ಪಲಿ ತಗೊಂಡು ಹೊಡೆಯಲಿ ಎಂದು ನಾನು ಕಾದೆ. ಮಾಸ್ತರರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಎದ್ದು ಹೋಗಿ, ತಾವು ಕಂಡದ್ದನ್ನಷ್ಟೇ ಬರೆಯುವ ಆ ನೋಟ್‌ಬುಕ್ಕನ್ನು ಗೂಡಿನಿಂದ ತಂದರು. ಪೆನ್ಸಿಲ್ಲು ಚೂಪು ಮಾಡಿಕೊಂಡರು.

"ಧೂಮಕೇತು ನೀವು ನೋಡೀರಿಲ್ಲೋ?"

"ನೋಡೇನ್ರಿ."

"ಹೆಂಗಿತ್ತು, ಹೇಳ್ರಿ. ಕಂಡದ್ದಷ್ಟ ಹೇಳ್ರಿ."

"ಬೆಳ್ಳಗಿತ್ತು ಸರ್. ದೊಡ್ಡದು."

"ಬಾಲ ಒಂದಿತ್ತೋ, ಸೀಳಿತ್ತೋ?"

"ಗೊತ್ತಿಲ್ರಿ."

"ಎಡಕ್ಕ ಬಾಗಿತ್ತೋ, ಬಲಕ್ಕೋ?"

ನಾನು ಕಣ್ಣು ಮುಚ್ಚಿ ನೆನೆಸಿಕೊಂಡೆ. ಗೋದಾಮಿನ ತಗಡು ನೆನಪಾಯಿತು, ಅವ್ವನ ಕೈ ನೆನಪಾಯಿತು, ಅದು ಮಾತ್ರ ನೆಟ್ಟಗೆ ನೆನಪಾಗಲಿಲ್ಲ. "ಬಲಕ್ಕ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ನಾ ಎರಡ ನಿಮಿಷ ಅಷ್ಟ ನಿಂತಿದ್ದೆ ಸರ್. ನೆಟ್ಟಗ ನೋಡಲಿಲ್ಲ."

ಅವರು ತಲೆಯಾಡಿಸಿ ಅದನ್ನೂ ಬರೆದುಕೊಂಡರು. ಇನ್ನೂ ಏಳೆಂಟು ಪ್ರಶ್ನೆ ಕೇಳಿದರು: ನೆಲದಿಂದ ಎಷ್ಟು ಗೇಣು ಮೇಲಿತ್ತು, ತಲೆ ಎಷ್ಟು ದಪ್ಪ, ಬಣ್ಣ ಇತ್ತೋ ಇಲ್ಲವೋ. ನಾನು ಪ್ರತಿಯೊಂದಕ್ಕೂ ಗೊತ್ತಿಲ್ಲ ಎಂದೆ, ಅವರು ಪ್ರತಿಯೊಂದರ ಮುಂದೆಯೂ ಗೊತ್ತಿಲ್ಲ ಎಂದು ದುಂಡಗಿನ ಅಕ್ಷರದಲ್ಲಿ ಬರೆದರು. ಪುಟ ಮುಗಿದ ಮೇಲೆ ಕೆಳಗೊಂದು ಗೆರೆ ಎಳೆದು, ನೋಡಿದವರು ಎಂದು ಬರೆದು, ಅದರ ಮುಂದೆ ನನ್ನ ಹೆಸರು ಬರೆದರು.